ನಕ್ಷೆ ಮಡಚಿಕೊಂಡರೆ ಯಾರ ಗುಂಟೆ ಹೋಗುತ್ತೆ? ಕ್ಯಾಸನೂರಿನ ಅಂಚಲ್ಲಿ ನಿಂತು ನೋಡಿದ ಒಂದು ಗಣಿತ

ಕ್ಯಾಸನೂರು ಅಂತ ಹುಡುಕಿದರೆ ಇಂಟರ್ನೆಟ್ ಮೊದಲು ತೋರಿಸುವುದು ಊರನ್ನಲ್ಲ, ಕಾಯಿಲೆಯನ್ನು. 1957ರಲ್ಲಿ ಸೊರಬ ತಾಲ್ಲೂಕಿನ ಈ ಊರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು, ಅದಕ್ಕೆ ಊರಿನ ಹೆಸರನ್ನೇ ಇಟ್ಟರು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಕಾಡು ಕಡಿದು ಗದ್ದೆ ಮಾಡಿದ ಕಡೆ, ದನ ಮೇಯಲು ಹೋಗುವ ಕಾಡಿನ ಅಂಚಿನಲ್ಲಿ ಉಣುಗು ಹೆಚ್ಚುತ್ತದೆ ಎಂದು ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿದ್ದರು.

ನಾನು ಇಲ್ಲಿ ಹೇಳಹೊರಟಿರೋದು ಕಾಯಿಲೆಯ ಕಥೆ ಅಲ್ಲ, ಅಂಚಿನ ಕಥೆ. ಕಾಡು ಎಲ್ಲಿ ಮುಗಿಯುತ್ತೆ, ಹೊಲ ಎಲ್ಲಿ ಶುರುವಾಗುತ್ತೆ ಅನ್ನೋದು ಈ ಸೀಮೆಯಲ್ಲಿ ಬರೀ ಭೂಗೋಳದ ಪ್ರಶ್ನೆ ಅಲ್ಲ. ಸೊರಬದ ಕಾನುಗಳನ್ನೇ ತಗೊಳ್ಳಿ. ಮೆಣಸು, ಬಗನಿ ಮರ, ದೇವರ ಬನ ಎಲ್ಲ ಕೂಡಿದ ಈ ನಿತ್ಯಹರಿದ್ವರ್ಣದ ತುಣುಕುಗಳು ಯಾರವು ಅಂತ ತೀರ್ಮಾನಿಸಲು 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ವರದಿ ಬರೆದರು. ಅಲ್ಲಿಂದ ಇವತ್ತಿನ ಬಗರ್ ಹುಕುಂ ಅರ್ಜಿಗಳವರೆಗೆ, ನಮೂನೆ 50, 53, 57ರವರೆಗೆ, ಅರಣ್ಯ ಹಕ್ಕು ಕಾಯ್ದೆಯ 75 ವರ್ಷದ ಸಾಕ್ಷ್ಯದವರೆಗೆ ಜಗಳ ನಿಂತಿರುವುದು ಒಂದು ಗೆರೆಯ ಮೇಲೆ. ಆ ಗೆರೆ ಈಗ ಕಾಗದದಿಂದ ಕಂಪ್ಯೂಟರಿಗೆ ಹೋಗ್ತಾ ಇದೆ.

ಆ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನ ಮನೆ. ಹೋದ ಸಲ ಹೋದಾಗ ಮಾವ ಹಳೇ ಗ್ರಾಮ ನಕ್ಷೆಯ ಜೆರಾಕ್ಸ್ ಪ್ರತಿ ಒಂದು ಕೈಲಿ, ಮೊಬೈಲು ಇನ್ನೊಂದು ಕೈಲಿ ಹಿಡ್ಕೊಂಡು ಕೂತಿದ್ದರು. "ನೋಡು ಮಾರಾಯ, ಎಂಜಿನಿಯರಿಂಗ್ ಓದಿದವ್ನು ನೀನು. ಕಾಗದದಲ್ಲಿ ಈ ಗೆರೆ ಬೇಲಿ ಹತ್ರ ಐತೆ. ಮೊಬೈಲಲ್ಲಿ ನಮ್ಮ ಅಡಿಕೆ ಸಾಲಿನ ಮಧ್ಯ ಐತೆ. ಗೆರೆಗೆ ಕಾಲು ಬಂತಾ?"

ಗೆರೆಗೆ ಕಾಲು ಹೇಗೆ ಬರುತ್ತೆ ಅನ್ನೋದನ್ನ ಹುಡುಕ್ತಾ ಹೋದರೆ ಸಿಗುವುದು ಗಣಿತದ ಒಂದು ಸುಂದರ ಮೂಲೆ. ಅದರ ಹೆಸರು ಯೂನಿವೇಲೆಂಟ್ ಹಾರ್ಮೋನಿಕ್ ಮ್ಯಾಪಿಂಗ್. ಹೆಸರಿಗೆ ಹೆದರಬೇಡಿ. ಸರ್ವೆ ಇಲಾಖೆಯ ಭಾಷೆಯಲ್ಲೇ ಹೇಳ್ತೀನಿ.

ಸರಪಳಿಯಿಂದ ಪಿಕ್ಸೆಲ್‌ಗೆ

ನಮ್ಮ ಹಳೇ ಗ್ರಾಮ ನಕ್ಷೆಗಳ ಪ್ರಮಾಣ 1:7920. ಈ ವಿಚಿತ್ರ ಸಂಖ್ಯೆ ಯಾಕೆ ಅಂದರೆ, ಸರ್ವೆ ಸರಪಳಿ 33 ಅಡಿಯದು, ಅದರಲ್ಲಿ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, ಅಂಥ 40 ಕೂಡಿದರೆ ಎಕರೆ. ಇಪ್ಪತ್ತು ಸರಪಳಿ ನೆಲ, ಅಂದರೆ 660 ಅಡಿ, ನಕ್ಷೆಯಲ್ಲಿ ಒಂದು ಇಂಚು. 660 ಅಡಿಗೆ 7920 ಇಂಚು. ಲೆಕ್ಕ ಮುಗೀತು. ಹಾಗಾದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಮಸಿ ಗೆರೆಯೇ 4 ಮೀಟರ್ ಅಗಲ. ಅಡಿಕೆ ಗಿಡದಿಂದ ಗಿಡಕ್ಕೆ ಬಿಡುವ ಜಾಗ 9 ಅಡಿ, ಅಂದರೆ 2.7 ಮೀಟರ್. ಗೆರೆಯ ದಪ್ಪವೇ ಒಂದು ಸಾಲನ್ನು ನುಂಗಿ ಹಾಕುತ್ತೆ!

ಈ ಕಾಗದ ಹತ್ತಾರು ವರ್ಷ ಮಳೆಗಾಲದ ತೇವ ಕುಡಿದು ಹಿಗ್ಗಿದೆ, ಬೇಸಿಗೆಯಲ್ಲಿ ಕುಗ್ಗಿದೆ, ಮಡಿಕೆ ಬಿದ್ದ ಕಡೆ ಸವೆದಿದೆ. ಅದನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಹಾಸಿದರೆ ಕೂರುವುದಿಲ್ಲ. ಹಾಗಾಗಿ ಕಾಗದದಲ್ಲೂ ಚಿತ್ರದಲ್ಲೂ ಗುರುತು ಸಿಗುವ ಕೆಲವು ಬಿಂದುಗಳನ್ನು ಜೋಡಿ ಮಾಡುತ್ತಾರೆ. ಬಾಂದು ಕಲ್ಲು, ಕೆರೆ ಏರಿಯ ತುದಿ, ದೇವಸ್ಥಾನದ ಮೂಲೆ, ಮೂರು ಊರು ಸೇರುವ ಜಾಗ. ಉಳಿದ ನೆಲವನ್ನೆಲ್ಲ ಸಾಫ್ಟ್‌ವೇರು ರಬ್ಬರ್ ಹಾಳೆಯ ಹಾಗೆ ಎಳೆದು ಕೂರಿಸುತ್ತದೆ.

ನಾನೂ ಮಾವನ ಮನೆಯ ಜಗಲಿಯಲ್ಲಿ ಕೂತು ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇದನ್ನೇ ಮಾಡಿದೆ. 12 ಬಿಂದು ಕೊಟ್ಟೆ. ಎಳೆಯುವ ವಿಧಾನ ಆರಿಸಿ ಅಂತ ಅದು ಕೇಳುತ್ತೆ. ಮೂರನೇ ದರ್ಜೆಯ ಪಾಲಿನಾಮಿಯಲ್ ಆರಿಸಿದೆ. ಅದಕ್ಕೆ ಕನಿಷ್ಠ 10 ಬಿಂದು ಬೇಕು, ನನ್ನ ಹತ್ತಿರ 12 ಇತ್ತು, ಸಾಕು ಅಂದ್ಕೊಂಡೆ. ಬಿಂದು ಕೊಟ್ಟ ಕಡೆ ಎಲ್ಲ ಚೆಂದ ಕೂತಿತು. ಬಿಂದು ಇಲ್ಲದ ಮೂಲೆಯಲ್ಲಿ, ಅಂದರೆ ಕಾನಿನ ಕಡೆಯ ಅಂಚಿನಲ್ಲಿ, ನಕ್ಷೆ ಸೀರೆಯ ನೆರಿಗೆ ಹಾಗೆ ತನ್ನ ಮೇಲೆ ತಾನೇ ಮಡಚಿಕೊಂಡಿತ್ತು. ಎರಡು ಸರ್ವೆ ನಂಬರ್‌ಗಳು ಒಂದೇ ಜಾಗದಲ್ಲಿ. ತಪ್ಪು ಸಾಫ್ಟ್‌ವೇರಿನದಲ್ಲ, ಆರಿಸಿದ ನನ್ನದು. ಥಿನ್ ಪ್ಲೇಟ್ ಸ್ಪ್ಲೈನ್ ಅಂತ ಇನ್ನೊಂದು ಆಯ್ಕೆ ಇದೆ, ಕೊಟ್ಟ ಬಿಂದುಗಳನ್ನೆಲ್ಲ ಕರಾರುವಾಕ್ಕಾಗಿ ಕೂರಿಸುತ್ತೆ. ಆದರೆ ಮಡಚಲ್ಲ ಅನ್ನುವ ಗ್ಯಾರಂಟಿ ಅದಕ್ಕೂ ಇಲ್ಲ. ಒಂದು ಕಲ್ಲನ್ನು ತಪ್ಪಾಗಿ ಗುರುತಿಸಿದರೆ ಸುತ್ತಲ ನೆಲವೇ ಸುರುಳಿ ಸುತ್ತುತ್ತದೆ.

ಹಾಗಾದರೆ ಮಡಚಲ್ಲ ಅಂತ ಮೊದಲೇ ಮಾತು ಕೊಡುವ ವಿಧಾನ ಇದೆಯಾ? ಇದೆ, ಷರತ್ತಿನ ಮೇಲೆ.

ಅಕ್ಕಪಕ್ಕದವರ ಸರಾಸರಿ

ನೆಲದ ಒಂದು ಬಿಂದುವಿಗೆ ಎರಡು ಅಳತೆ: ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು. ಎರಡನ್ನೂ ಸೇರಿಸಿ ಒಂದೇ ಸಮ್ಮಿಶ್ರ ಸಂಖ್ಯೆಯಾಗಿ ಬರೆದರೆ ಇಡೀ ಸಮತಲವೇ ಸಮ್ಮಿಶ್ರ ಸಂಖ್ಯೆಗಳ ಸಮತಲ, ಕಾಂಪ್ಲೆಕ್ಸ್ ಪ್ಲೇನ್. ಅದರಲ್ಲಿನ ಒಂದು ಪ್ರದೇಶದ ಪ್ರತಿ ಬಿಂದುವನ್ನೂ ಇನ್ನೊಂದು ಪ್ರದೇಶದ ಬಿಂದುವಿಗೆ ಕಳಿಸುವುದೇ ಮ್ಯಾಪಿಂಗ್. ಎರಡು ಬೇರೆ ಬಿಂದುಗಳು ಎಂದೂ ಒಂದೇ ಜಾಗಕ್ಕೆ ಹೋಗದಿದ್ದರೆ ಅದು ಯೂನಿವೇಲೆಂಟ್. ಒಬ್ಬರ ಹೊಲದ ಮೇಲೆ ಇನ್ನೊಬ್ಬರ ಹೊಲ ಬೀಳಬಾರದು, ಅಷ್ಟೇ.

ಹಾರ್ಮೋನಿಕ್ ಅಂದರೆ? ಒಂದು ಬಿಂದು ಹೋಗಿ ಕೂರುವ ಜಾಗ, ಅದರ ಸುತ್ತ ಹಾಕಿದ ವೃತ್ತದ ಮೇಲಿನ ಬಿಂದುಗಳೆಲ್ಲ ಹೋಗಿ ಕೂತ ಜಾಗಗಳ ಸರಾಸರಿ. ಗಡಿಯನ್ನು ಮೊಳೆ ಹೊಡೆದು ಬಿಗಿದರೆ ಒಳಗಿನ ಬಿಂದುಗಳೆಲ್ಲ ಅಕ್ಕಪಕ್ಕದವರ ಮಧ್ಯಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಕಾವಲಿಯ ಅಂಚಿನ ಬಿಸಿ ಗೊತ್ತಿದ್ದರೆ ನಡುವಿನ ಬಿಸಿ ಎಷ್ಟು ಅಂತ ಹೇಳುವ ಲಾಪ್ಲಾಸ್ ಸಮೀಕರಣ ಇದೇ.

ಎಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್‌ನಲ್ಲಿ ಓದಿದವರಿಗೆ ಇದರ ಅಣ್ಣ ನೆನಪಿರಬಹುದು, ಕನ್‌ಫಾರ್ಮಲ್ ಮ್ಯಾಪಿಂಗ್. ಕೋನಗಳನ್ನು ಕೆಡಿಸದ ಮ್ಯಾಪಿಂಗ್. ನಾವು ಅದನ್ನು ಬಾಯಿಪಾಠ ಮಾಡಿ ಹತ್ತು ಅಂಕಕ್ಕೆ ಮಾರಿದ್ವಿ, ಯಾಕೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಕ್ಷೆ ಕೂರಿಸುವವರಿಗೆ ಕನ್‌ಫಾರ್ಮಲ್ ಒಂದು ದೊಡ್ಡ ತೊಂದರೆ ಕೊಡುತ್ತೆ. ಗಡಿಯ ಮೇಲೆ ಮೂರೇ ಮೂರು ಬಿಂದುಗಳನ್ನು ನಿಮ್ಮ ಇಷ್ಟದಂತೆ ಕೂರಿಸಬಹುದು. ನಾಲ್ಕನೇ ಕಲ್ಲು ಎಲ್ಲಿ ಬೀಳುತ್ತೆ ಅನ್ನೋದು ಗಣಿತವೇ ನಿರ್ಧರಿಸುತ್ತೆ, ನಿಮ್ಮ ಕೈಲಿಲ್ಲ. ಊರಿಗೆ ನಲವತ್ತು ಬಾಂದು ಕಲ್ಲು ಇದ್ದರೆ? ಹಾರ್ಮೋನಿಕ್ ಕೋನವನ್ನು ಬಿಟ್ಟುಕೊಡುತ್ತೆ, ಬದಲಿಗೆ ಗಡಿಯ ಪ್ರತಿ ಕಲ್ಲನ್ನೂ ನೀವು ಹೇಳಿದಲ್ಲೇ ನಿಲ್ಲಿಸುತ್ತೆ. ಈ ವ್ಯಾಪಾರ ನನಗಂತೂ ಇಷ್ಟ.

ಆದರೆ ಕಲ್ಲು ನಿಂತರೆ ಸಾಕಾ? ಒಳಗೆ ಮಡಿಕೆ ಬಿದ್ದರೆ? 1926ರಲ್ಲಿ ಹಂಗೇರಿಯ ಟಿಬರ್ ರಾಡೊ ಈ ಪ್ರಶ್ನೆ ಮುಂದಿಟ್ಟರು, ಅದೇ ವರ್ಷ ಜರ್ಮನಿಯ ಹೆಲ್ಮುತ್ ಕ್ನೆಸರ್ ಉತ್ತರ ಕೊಟ್ಟರು. 1945ರಲ್ಲಿ ಫ್ರಾನ್ಸಿನ ಗುಸ್ತಾವ್ ಶೋಕೆ ಸ್ವತಂತ್ರವಾಗಿ ಮತ್ತೆ ಸಾಧಿಸಿದರು. ಮೂವರ ಹೆಸರಿನ ಪ್ರಮೇಯ ಹೇಳುವುದು ಇಷ್ಟು: ವೃತ್ತದ ಗಡಿಯನ್ನು ಒಂದು ಕಾನ್ವೆಕ್ಸ್ ಆಕಾರದ, ಅಂದರೆ ಎಲ್ಲೂ ಒಳಗೆ ತಗ್ಗದ ಆಕಾರದ ಗಡಿಗೆ ಕ್ರಮ ತಪ್ಪದೆ ಜೋಡಿಸಿದರೆ, ಒಳಗಿನ ಹಾರ್ಮೋನಿಕ್ ಹಾಳೆ ಎಲ್ಲೂ ಮಡಚುವುದಿಲ್ಲ.

ಸಾಧನೆ ಎಷ್ಟು ಸರಳ ಅಂದರೆ ಘಟ್ಟದ ಊರಿನವರಿಗೆ ಕತೆಯ ಹಾಗೆ ಹೇಳಬಹುದು. ಒಳಗೆ ಒಂದು ಬಿಂದುವಿನಲ್ಲಿ ಹಾಳೆ ಮಡಚಿಕೊಳ್ಳುತ್ತಿದೆ ಅಂದುಕೊಳ್ಳಿ. ಹಾಗಿದ್ದರೆ ಹೊಸ ನಕ್ಷೆಯಲ್ಲಿ ಯಾವುದೋ ಒಂದು ದಿಕ್ಕು ಇರುತ್ತೆ, ಆ ದಿಕ್ಕಿನ ಅಳತೆಯನ್ನು ಎತ್ತರ ಅಂತ ಭಾವಿಸಿದರೆ ಆ ಬಿಂದುವಿನಲ್ಲಿ ನೆಲ ಸಪಾಟು. ಹಾರ್ಮೋನಿಕ್ ನೆಲದಲ್ಲಿ ಶಿಖರ ಇರಲ್ಲ, ಗುಂಡಿಯೂ ಇರಲ್ಲ, ಯಾಕೆಂದರೆ ಎಲ್ಲರೂ ಅಕ್ಕಪಕ್ಕದವರ ಸರಾಸರಿ, ಸರಾಸರಿ ಎಲ್ಲರಿಗಿಂತ ಮೇಲೆ ಇರಲಾರದು. ಹಾಗಾಗಿ ಸಪಾಟು ಜಾಗ ಅಂದರೆ ಎರಡು ಬೆಟ್ಟಗಳ ನಡುವಿನ ಕಣಿವೆದಾರಿ ಥರದ್ದೇ. ಎರಡು ಕಡೆ ಏರು, ಎರಡು ಕಡೆ ಇಳಿಜಾರು. ಅಲ್ಲಿಂದ ಅದೇ ಎತ್ತರ ಬಿಡದೆ ನಡೆಯುವ ದಾರಿಗಳು ಕನಿಷ್ಠ ನಾಲ್ಕು. ಈ ದಾರಿಗಳು ಸುತ್ತಿ ಬಂದು ಸೇರುವಂತಿಲ್ಲ, ಸೇರಿದರೆ ಒಳಗಿನ ನೆಲವೆಲ್ಲ ಸಪಾಟಾಗಬೇಕಾಗುತ್ತೆ. ಹಾಗಾಗಿ ನಾಲ್ಕೂ ಗಡಿ ಮುಟ್ಟಬೇಕು. ಅಂದರೆ ಗಡಿಯ ನಾಲ್ಕು ಬೇರೆ ಬೇರೆ ಬಿಂದುಗಳು ಹೊಸ ನಕ್ಷೆಯಲ್ಲಿ ಒಂದೇ ಸರಳರೇಖೆಯ ಮೇಲೆ ಬೀಳಬೇಕು. ಆದರೆ ತಗ್ಗಿಲ್ಲದ ಊರಿನೊಳಗೆ ನೇರ ನಡೆದವನು ಗಡಿಯನ್ನು ಎರಡೇ ಸಲ ದಾಟುತ್ತಾನೆ, ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ. ನಾಲ್ಕು ಎಲ್ಲಿಂದ ಬಂತು? ಬರಲಾರದು. ಹಾಗಾಗಿ ಮಡಿಕೆಯೂ ಇಲ್ಲ.

1936ರಲ್ಲಿ ಹಾನ್ಸ್ ಲೆವಿ ಇನ್ನೊಂದು ಮಾತು ಸೇರಿಸಿದರು. ಮಡಚದ ಹಾರ್ಮೋನಿಕ್ ಹಾಳೆ ಒಳಗಿನ ಯಾವ ಬಿಂದುವಿನಲ್ಲೂ ನೆಲವನ್ನು ಪೂರ್ತಿ ಸೊನ್ನೆಗೆ ಒತ್ತುವುದಿಲ್ಲ. ಬೇರೆ ಥರದ ಹಾಳೆಗಳು ಮಡಚದೆಯೂ ಹೀಗೆ ಒತ್ತಬಲ್ಲವು. ಕಂಪ್ಯೂಟರಿನವರಿಗೆ ಇದರ ತುಂಡು ತುಂಡಾದ ರೂಪ 1963ರಲ್ಲಿ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗೂಢಲಿಪಿ ಒಡೆದಿದ್ದ ವಿಲಿಯಂ ಟಟ್, ಹೊರಗಿನ ಮೂಲೆಗಳನ್ನು ಕಾನ್ವೆಕ್ಸ್ ಆಕಾರದಲ್ಲಿ ನಿಲ್ಲಿಸಿ ಒಳಗಿನ ಪ್ರತಿ ಗಂಟನ್ನೂ ಅದರ ನೆರೆಯ ಗಂಟುಗಳ ಸರಾಸರಿಯಲ್ಲಿ ಕೂರಿಸಿದರೆ ಸರಿಯಾಗಿ ಹೆಣೆದ ಜಾಲದ ಗೆರೆಗಳು ಒಂದನ್ನೊಂದು ದಾಟುವುದಿಲ್ಲ ಅಂತ ತೋರಿಸಿದರು.

ಈ ಕ್ಷೇತ್ರಕ್ಕೆ ಕನ್ನಡದ ನಂಟೂ ಉಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉರಳೇಗಡ್ಡಿ, ಗಾಣಿಗಿ, ಸಾರಂಗಿ ಮೂವರು ಸೇರಿ 1994ರಲ್ಲಿ ತೈವಾನಿನ ಪತ್ರಿಕೆಯೊಂದರಲ್ಲಿ ಧನ ಗುಣಾಂಕಗಳಿರುವ ಯೂನಿವೇಲೆಂಟ್ ಫಲನಗಳ ಬಗ್ಗೆ ಬರೆದ ಲೇಖನವನ್ನು ಮುಂದೆ ಹಾರ್ಮೋನಿಕ್ ಕಡೆಯವರು ಎತ್ತಿಕೊಂಡು ಬೆಳೆಸಿದರು. ಎಲ್ಲ ಬಗೆಹರಿದಿದೆ ಅಂದ್ಕೋಬೇಡಿ. 1984ರಲ್ಲಿ ಕ್ಲೂನಿ ಮತ್ತು ಶೀಲ್-ಸ್ಮಾಲ್ ಈ ಮ್ಯಾಪಿಂಗ್‌ಗಳ ಒಂದು ಗುಣಾಂಕ ಎರಡೂವರೆ ಮೀರಲ್ಲ ಅಂತ ಊಹಿಸಿದರು. ಅವರು ಆಗ ಸಾಧಿಸಲು ಸಾಧ್ಯವಾದ ಮಿತಿ 12 ಸಾವಿರಕ್ಕೂ ಹೆಚ್ಚು. ಆಮೇಲೆ ಅದು ತುಂಬಾ ಇಳಿದಿದೆ, ಎರಡೂವರೆ ಮಾತ್ರ ಇನ್ನೂ ಸಿಕ್ಕಿಲ್ಲ.

ಊರು ದುಂಡಗಿಲ್ಲವಲ್ಲ

ಈಗ ಷರತ್ತಿಗೆ ಬರೋಣ. ಯಾವ ಊರು ಕಾನ್ವೆಕ್ಸ್ ಆಗಿದೆ ಹೇಳಿ? ಒಂದು ಕಡೆ ಕೆರೆ ಒಳಗೆ ನುಗ್ಗಿರುತ್ತೆ, ಇನ್ನೊಂದು ಕಡೆ ಕಾನು ನಾಲಿಗೆ ಚಾಚಿರುತ್ತೆ. ಅಂಥ ಊರಲ್ಲಿ ನೇರ ನಡೆದವನು ಗಡಿಯನ್ನು ನಾಲ್ಕು ಸಲ ದಾಟಬಹುದು, ಮೇಲಿನ ಸಾಧನೆ ಅಲ್ಲೇ ಕುಸಿಯುತ್ತೆ. ತಗ್ಗಿರುವ ಯಾವುದೇ ಆಕಾರ ಕೊಟ್ಟರೂ, ಹಾಳೆ ಮಡಚುವಂತೆ ಗಡಿ ಜೋಡಿಸುವ ದಾರಿ ಒಂದಾದರೂ ಇದ್ದೇ ಇರುತ್ತೆ ಅನ್ನೋದೂ ಸಾಧಿತವಾದ ವಿಷಯ. ಅಂದರೆ ಗ್ಯಾರಂಟಿ ಮುರಿಯುವುದು ಎಲ್ಲಿ? ಕಾಡು ಒಳಗೆ ಬಂದಿರುವ ಜಾಗದಲ್ಲಿ.

ದಾರಿ ಇಲ್ಲ ಅಂತಲ್ಲ. ಕಾಗದದ ಊರನ್ನೂ ಚಿತ್ರದ ಊರನ್ನೂ ಬೇರೆ ಬೇರೆಯಾಗಿ ಒಂದೇ ವೃತ್ತದೊಳಕ್ಕೆ ಹಾರ್ಮೋನಿಕ್ ಆಗಿ ಕಳಿಸಿ. ವೃತ್ತ ಕಾನ್ವೆಕ್ಸ್, ಎರಡೂ ಮಡಚಲ್ಲ. ಆಮೇಲೆ ಒಂದರಿಂದ ವೃತ್ತಕ್ಕೆ ಹೋಗಿ ವೃತ್ತದಿಂದ ಇನ್ನೊಂದಕ್ಕೆ ವಾಪಸ್ ಬನ್ನಿ. ಒಟ್ಟು ಪ್ರಯಾಣ ಹಾರ್ಮೋನಿಕ್ ಆಗಿ ಉಳಿಯಲ್ಲ, ಮಡಚುವುದಂತೂ ಇಲ್ಲ. ಇಟಲಿಯ ಅಲೆಸ್ಸಾಂಡ್ರಿನಿ ಮತ್ತು ನೇಸಿ 2009ರಲ್ಲಿ ಇನ್ನೊಂದು ಉಪಯೋಗದ ಮಾತು ಹೇಳಿದರು. ಗಡಿಯವರೆಗೂ ನಯವಾಗಿರುವ ಹಾರ್ಮೋನಿಕ್ ಹಾಳೆಯಾದರೆ ಇಡೀ ಊರು ತಪಾಸಣೆ ಮಾಡಬೇಕಿಲ್ಲ, ಗಡಿಯುದ್ದಕ್ಕೂ ಹಾಳೆ ಬೋರಲಾಗಿಲ್ಲ ಅಂತ ಖಾತ್ರಿಯಾದರೆ ಒಳಗೂ ಮಡಿಕೆ ಇಲ್ಲ. ಆದರೆ ಊರಿನ ಒಳಗಿನ ಕಲ್ಲುಗಳಿಗೂ ಮೊಳೆ ಹೊಡೀತೀನಿ ಅಂದರೆ ಈ ಭರವಸೆಗಳು ಹೋದವು, ಊರನ್ನು ತುಂಡು ಮಾಡಿ ಒಂದೊಂದಕ್ಕೂ ಮತ್ತೆ ಲೆಕ್ಕ ಹಾಕಬೇಕು.

ಊರ ನಡುವೆ ಕೆರೆ ಇದ್ದು ಅದನ್ನು ಬಿಟ್ಟು ಸುತ್ತಲ ನೆಲವನ್ನಷ್ಟೇ ಕೂರಿಸೋದಾದರೆ ಇನ್ನೊಂದು ಗಮ್ಮತ್ತು. ಬಳೆಯಾಕಾರದ ನೆಲವನ್ನು ಎಷ್ಟು ಬೇಕಾದರೂ ತೆಳುವಾದ ಬಳೆಗೆ ಒತ್ತಲು ಹಾರ್ಮೋನಿಕ್ ಒಪ್ಪುವುದಿಲ್ಲ. ಒಳ ಅಂಚು 1, ಹೊರ ಅಂಚು 3 ಇರುವ ಬಳೆಯನ್ನು, ಒಳ ಅಂಚು 1 ಆಗೇ ಇಟ್ಟರೆ, ಹೊರ ಅಂಚು 1.67ಕ್ಕಿಂತ ಕಡಿಮೆ ಮಾಡಲಾಗದು. 1962ರಲ್ಲಿ ಯೊಹಾನೆಸ್ ನಿಚ್ಚೆ ಊಹಿಸಿದ ಈ ಮಿತಿಯನ್ನು 2011ರಲ್ಲಿ ಇವಾನಿಯೆಟ್ಸ್, ಕೋವಲೆವ್, ಒನ್ನಿನೆನ್ ಸಾಧಿಸಿದರು. ಸುಮಾರು ಐವತ್ತು ವರ್ಷ ಹಿಡೀತು.

ಮಡಚದೆಯೂ ಕಳ್ಕೋಬಹುದು

ಇಲ್ಲಿವರೆಗೆ ಓದಿದವರು, ಸರಿ, ಹಾರ್ಮೋನಿಕ್ ಹಾಕಿಬಿಟ್ಟರೆ ರೈತ ಬಚಾವ್ ಅಂದುಕೊಳ್ಳಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ಉದಾಹರಣೆ ನೋಡಿ.

ಒಂದು ಮೈಲಿ ತ್ರಿಜ್ಯದ ದುಂಡು ಊರು, ನಡುವೆ ದೇವಸ್ಥಾನ. ಪ್ರತಿ ಬಿಂದುವಿಗೂ ಒಂದು ಸಮ್ಮಿಶ್ರ ಸಂಖ್ಯೆ ಇದೆಯಲ್ಲ, ಅದರ ವರ್ಗ ತಗೊಂಡು, ಪೂರ್ವ-ಪಶ್ಚಿಮ ಗೆರೆಯಲ್ಲಿ ಕನ್ನಡಿ ಹಿಡಿದು ತಿರುಗಿಸಿ, ಮೂಲ ಬಿಂದುವಿಗೆ ಕೂಡಿಸಿ. ಪೂರ್ತಿ ಕೂಡಿಸಿದರೆ ಮಡಿಕೆ ಬೀಳುತ್ತೆ. ದೇವಸ್ಥಾನದಿಂದ ಪಶ್ಚಿಮಕ್ಕೆ ಕಾಲು ಮೈಲಿಯಲ್ಲಿರುವ ಹೊಲ, ಮುಕ್ಕಾಲು ಮೈಲಿಯಲ್ಲಿರುವ ಹೊಲ ಎರಡೂ ಹೊಸ ನಕ್ಷೆಯಲ್ಲಿ ಒಂದೇ ಜಾಗಕ್ಕೆ, ಪಶ್ಚಿಮಕ್ಕೆ 0.1875 ಮೈಲಿಗೆ ಬಂದು ಕೂರುತ್ತವೆ. ಬೇಕಾದರೆ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿ. ಪೂರ್ತಿ ಬದಲು ಅರ್ಧ ಮಾತ್ರ ಕೂಡಿಸಿದರೆ ಮಡಿಕೆ ಇಲ್ಲ. ಊರು ಮೂರು ಚೂಪು ಮೂಲೆಯ ಆಕಾರವಾಗುತ್ತೆ, ಯಾರ ಹೊಲವೂ ಯಾರ ಮೇಲೂ ಬೀಳಲ್ಲ. ಪಕ್ಕಾ ಯೂನಿವೇಲೆಂಟ್, ಪಕ್ಕಾ ಹಾರ್ಮೋನಿಕ್.

ಆದರೆ ವಿಸ್ತೀರ್ಣ? ಊರಿನ ಒಟ್ಟು ನೆಲ ಅರ್ಧಕ್ಕೆ ಇಳಿಯುತ್ತೆ. ನೂರು ಪಾಲು ಇದ್ದದ್ದು ಐವತ್ತು. ಈ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗಲ್ಲ, ಗಮನ ಇಟ್ಟು ನೋಡಬೇಕಾದ್ದು ಇದನ್ನೇ. ದೇವಸ್ಥಾನದಿಂದ ಅರ್ಧ ಮೈಲಿಯ ಒಳಗಿನ 25 ಪಾಲು ನೆಲ ಸುಮಾರು 22 ಆಗಿ ಉಳಿಯುತ್ತೆ. ಊರಂಚಿನ ಹತ್ತನೇ ಒಂದು ಮೈಲಿ ಅಗಲದ ಪಟ್ಟಿಯಲ್ಲಿ 19 ಪಾಲು ನೆಲ ಇತ್ತು. ಅದು 1.8 ಆಗುತ್ತೆ!

ಊರ ನಡುವಿನ ಹಳೇ ಹಿಡುವಳಿ ಯಾರದ್ದು, ಕಾಡಂಚಿನ ಸಾಗುವಳಿ ಯಾರದ್ದು ಅಂತ ಮಲೆನಾಡು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಇದು ನಾನು ಆರಿಸಿದ ವಿಪರೀತದ ಉದಾಹರಣೆ, ಯಾರೂ ನಿಜವಾದ ನಕ್ಷೆಯನ್ನು ಹೀಗೆ ಹಿಂಡುವುದಿಲ್ಲ. ಆದರೆ ಗಡಿಯ ಕಲ್ಲುಗಳನ್ನು ತಪ್ಪು ಜಾಗದಲ್ಲಿ ಜೋಡಿಸಿದಾಗ ಹಾರ್ಮೋನಿಕ್ ಹಾಳೆ ಆ ತಪ್ಪನ್ನು ಅಂಚಿನಲ್ಲೇ ಹೆಚ್ಚು ಹೊತ್ತುಕೊಳ್ಳುತ್ತೆ, ಒಳಕ್ಕೆ ಹೋದಂತೆ ಸರಾಸರಿ ಅದನ್ನು ಮೆತ್ತಗೆ ಮಾಡುತ್ತೆ. ಸರಾಸರಿಯ ಗುಣವೇ ಅದು. ತಾಂತ್ರಿಕವಾಗಿ ತಪ್ಪಿಲ್ಲದ, ಎಲ್ಲೂ ಓವರ್‌ಲ್ಯಾಪ್ ಇಲ್ಲದ ನಕ್ಷೆಯೊಂದು ಅಂಚಿನವನ ಗುಂಟೆಗಳನ್ನು ಸದ್ದಿಲ್ಲದೆ ತಿನ್ನಬಹುದು. ಓವರ್‌ಲ್ಯಾಪ್ ಆದರೆ ಇಬ್ಬರು ಜಗಳಕ್ಕೆ ನಿಲ್ತಾರೆ, ಸುದ್ದಿಯಾಗುತ್ತೆ. ಹೀಗೆ ಸವೆದು ಹೋದರೆ ಎದುರು ಪಾರ್ಟಿಯೇ ಇರಲ್ಲ.

ಹಾಗಾಗಿ ನಿಮ್ಮೂರಿನ ಗ್ರಾಮಸಭೆಯಲ್ಲಿ ಡಿಜಿಟಲ್ ನಕ್ಷೆ ಗೋಡೆ ಮೇಲೆ ಬಿದ್ದಾಗ "ಚೆಂದ ಐತೆ" ಅಂತ ಸುಮ್ಮನಾಗಬೇಡಿ. ಎಷ್ಟು ಬಿಂದುಗಳನ್ನು ಜೋಡಿಸಿದ್ರಿ, ಕಾಡಂಚಿನಲ್ಲಿ ಅವುಗಳಲ್ಲಿ ಎಷ್ಟು ಇವೆ, ಯಾವ ವಿಧಾನದಲ್ಲಿ ಎಳೆದಿರಿ ಅಂತ ಕೇಳಿ. ಮಾಹಿತಿ ಹಕ್ಕಿನಲ್ಲಿ ಕೇಳುವಂಥ ಪ್ರಶ್ನೆಗಳೇ ಇವು. ಆಮೇಲೆ ಪ್ರತಿ ಸರ್ವೆ ನಂಬರಿನ ಹೊಸ ವಿಸ್ತೀರ್ಣವನ್ನು ಆಕಾರಬಂದಿನ ವಿಸ್ತೀರ್ಣದ ಪಕ್ಕ ಇಟ್ಟು ತೋರಿಸಲು ಹೇಳಿ. ಮಡಿಕೆ ಇದೆಯಾ ಅಂತ ನೋಡೋಕೆ ಪೆನ್ಸಿಲ್ ಸಾಕು. ಹತ್ತಿರ ಹತ್ತಿರ ಇರುವ, ಒಂದೇ ಸಾಲಿನಲ್ಲಿ ಇರದ ಮೂರು ಕಲ್ಲು ಆರಿಸಿ. ಹಳೇ ನಕ್ಷೆಯಲ್ಲಿ ಅವನ್ನು ಒಂದು, ಎರಡು, ಮೂರು ಅಂತ ಗಡಿಯಾರದ ದಿಕ್ಕಿನಲ್ಲಿ ಎಣಿಸಿ. ಹೊಸದರಲ್ಲಿ ಅದೇ ಎಣಿಕೆ ತಿರುಗಾಮುರುಗಾ ಆಗಿದ್ದರೆ ಅಲ್ಲಿ ಹಾಳೆ ಬೋರಲಾಗಿದೆ.

ಮಾವನ ಹೊಲಕ್ಕೆ ಇದನ್ನು ಮಾಡಿ ನೋಡಿದೆ. ಮೂರನೇ ದರ್ಜೆಯದ್ದನ್ನು ಕಿತ್ತು ಹಾಕಿ, ವೃತ್ತದ ದಾರಿಯಲ್ಲಿ ಮತ್ತೆ ಕೂರಿಸಿದ್ದೆ. ಎಣಿಕೆ ಎಲ್ಲ ಕಡೆ ಸರಿ ಇತ್ತು. "ಎಲ್ಲೂ ಮಡಚಿಲ್ಲ ಮಾವ" ಅಂದೆ. ಪಹಣಿಯಲ್ಲಿ 2 ಎಕರೆ 10 ಗುಂಟೆ. ನನ್ನ ಹಾಳೆಯಲ್ಲಿ 2 ಎಕರೆ 3 ಗುಂಟೆ.

"ಮಡಚಿಲ್ಲ ಅಂತೀಯ. ಹಂಗಾದ್ರೆ ಏಳು ಗುಂಟೆ ಎಲ್ಲಿಗೆ ಹೋಯ್ತು?"

ಮಾರನೇ ದಿನ ಬೆಳಿಗ್ಗೆ ಕಾಲಿಗೆ ಡೆಪಾ ಎಣ್ಣೆ ಸವರಿಕೊಂಡು, ಟೇಪು ಹಿಡ್ಕೊಂಡು ಇಬ್ಬರೂ ಕಾನಿನ ಅಂಚಿಗೆ ಹೋದ್ವಿ. ಮೂರು ಕಲ್ಲು ಸಿಕ್ಕವು. ನಾನು ಉಪಗ್ರಹ ಚಿತ್ರದಲ್ಲಿ ನಾಲ್ಕನೇ ಕಲ್ಲು ಅಂತ ಗುರುತು ಹಾಕಿದ್ದು ಒಂದು ಹುತ್ತ. ನಿಜವಾದ ಕಲ್ಲು ಅದರಿಂದ ಇಪ್ಪತ್ತೆರಡು ಹೆಜ್ಜೆ ಆಚೆ, ಲಂಟಾನ ಪೊದೆಯೊಳಗೆ ವಾಲಿಕೊಂಡಿತ್ತು.